ಕಾಶವ್ವನಿಗೆ ಇಟ್ಟ ಪದ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿದ್ದದ್ದು ಮುರಿಗೆಪ್ಪಜ್ಜ ಅನ್ನುವ ಗುರು, ಅಡಿವೆಪ್ಪ ಅನ್ನುವ ಶಿಷ್ಯ, ಮತ್ತೆ ಒಂದು ಹಳೆಯ ಕಂಪ್ಯೂಟರ್.

ಸುತ್ತಲಿನ ಊರುಗಳ ಭಜನೆಯವರು ಬಂದು ಹಾಡಿದ ಪದಗಳನ್ನು ರೆಕಾರ್ಡ್ ಮಾಡಿ ಇಡುವುದು ಆ ಕಂಪ್ಯೂಟರಿನ ಕೆಲಸ. ಅದನ್ನು ನೋಡಿಕೊಳ್ಳುವುದು ಅಡಿವೆಪ್ಪನ ಪಾಲಿಗೆ ಬಂದಿತ್ತು.

ಅಜ್ಜಾರಿಗೆ ಮೌಸ್ ಕಂಡರೆ ಆಗುತ್ತಿರಲಿಲ್ಲ. ಟರ್ಮಿನಲ್ಲಿನ ಕರಿ ಪರದೆ ತೆರೆದು, ಬೇಕಾದ್ದನ್ನು ಅಕ್ಷರದಲ್ಲಿ ಬರೆದೇ ಕೇಳಬೇಕು.

“ಬಟ್ಟು ಮಾಡಿ ತೋರಸೂದು ಕೂಸಿನ ಕೆಲಸ. ಏನ ಬೇಕು ಅನ್ನೂದನ್ನ ಬಾಯಿಬಿಟ್ಟು ಹೇಳಾಕ ಕಲಿ” ಎನ್ನುತ್ತಿದ್ದರು.

ಅವರ ಇನ್ನೊಂದು ಪಾಠ ಖೋಲಿಯದು.

“ಹೊರಗಿಂದ ತಂದ ಆ್ಯಪ್ ಅಂದ್ರ ಮಠಕ್ಕ ಬಂದ ಪರಸ್ಥಳದವರು ಇದ್ದಂಗ. ಒಂದೊಂದಕ್ಕ ಒಂದೊಂದು ಖೋಲಿ ಕೊಡು. ಇರೂದು, ತನ್ನ ಗಂಟು ಇಟ್ಕೊಳ್ಳೂದು ಎಲ್ಲಾ ಅದರಾಗ. ಕೇಳಿದ ಕೂಡಲೆ ನಡುಮನಿ ಬಾಗಲಾ ತೆಗೀಬ್ಯಾಡ.”

“ಹೂಂ ರಿ” ಎಂದಿದ್ದ ಅಡಿವೆಪ್ಪ.

ಅವನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಗುರು ಮಾತು ಮುಗಿಸುವ ಮೊದಲೇ ಹೂಂ ಎನ್ನುವುದು ಆ ಆಶ್ರಮದಲ್ಲಿ ಒಳ್ಳೆಯ ಶಿಷ್ಯನ ಲಕ್ಷಣ. ಹಾಗೆ ನೋಡಿದರೆ ಅಡಿವೆಪ್ಪನಂಥ ಶಿಷ್ಯ ಹೊಳೆಯ ಎರಡೂ ದಂಡೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಒಂದು ಮುಂಜಾನೆ ಅಜ್ಜಾರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಅಡಿವೆಪ್ಪ ಒಳಗಿಂದ ಓಡಿ ಬಂದ.

“ಅಜ್ಜಾರ, ಕಾಶವ್ವ ಬರಾಕತ್ತಾಳ್ರಿ.”

“ಬರಲಿ.”

“ಆಚಿ ದಂಡಿಗೆ ಬಂದು ನಿಂತಾಳ್ರಿ. ದೋಣಿ ಆಕೀನ್ನ ಕರಕೊಂಡು ಬರಾಕ ಹೊಂಟೈತಿ.”

“ಹೊಳಿ ದಾಟಾಕ ದೋಣಿನ ಬೇಕಲ್ಲೋ.”

ಅಡಿವೆಪ್ಪ ನಗಲಿಲ್ಲ. ಅಜ್ಜಾರು ಶೇಂಗಾ ಸುಲಿಯುವುದನ್ನು ಬಿಟ್ಟರು.

ಕಾಶವ್ವ ಭಜನೆಯ ಯಮನಪ್ಪನ ಹೆಂಡತಿ. ಯಮನಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು. ಜನ್ಮವೆಲ್ಲ ದೇವರ ಮೇಲೆ ಹಾಡಿದವನು. ಹಾಸಿಗೆ ಹಿಡಿಯುವ ಮೊದಲು ಹೊಳೆ ದಾಟಿ ಬಂದು ಒಂದೇ ಒಂದು ಬೇರೆ ಪದ ಹಾಡಿ ಹೋಗಿದ್ದ. ಸಾಯುವಾಗ ಹೆಂಡತಿಯನ್ನು ಹತ್ತಿರ ಕರೆದು ಹೇಳಿದ್ದನಂತೆ: “ಅಜ್ಜಾರ ಕಂಪ್ಯೂಟರಿನ್ಯಾಗ ನಿನಗಂತ ಒಂದು ಪದಾ ಇಟ್ಟೀನಿ. ಮನ್ಯಾಗ ಹಾಡಾಕ ನಾಚಿಕಿ ಆತು. ನಾ ಹೋದ ಮ್ಯಾಲ ಹೋಗಿ ಕೇಳು.”

ಅದನ್ನು ಕೇಳಲೆಂದೇ ಈಗ ಆಕೆ ಬರುತ್ತಿದ್ದಳು.

“ಪದಾ ಎಲ್ಲೈತಿ?” ಅಜ್ಜಾರು ಕೇಳಿದರು.

“ಗೊತ್ತಿಲ್ರಿ.”

“ಉಳಿದ ಪದಾ ಎಲ್ಲಾ ಇಟ್ಟಲ್ಲೆ ಇಲ್ಲೇನು?”

“ಉಳಿದಾವನ್ನೆಲ್ಲಾ ಆ್ಯಪಿನ ಖೋಲಿಯಿಂದ ತಗದು ನಮ್ಮ ಫೋಲ್ಡರಿನ್ಯಾಗ ಹಾಕೀನ್ರಿ. ಇದೊಂದನ್ನ ತರಬ್ಯಾಡ ಅಂದಿದ್ರು ಯಮನಪ್ಪಾರು. ಹೊರಗಿದ್ರ ಬಂದವರೆಲ್ಲಾ ಕೇಳ್ತಾರ, ಆಕಿ ಬರೂತನಕ ಒಳಗ ಇರಲಿ ಅಂದ್ರು. ನಾ ಹೂಂ ಅಂದೆ.”

“ಅಂದಮ್ಯಾಲ ಒಳಗ ಇರ್ತೈತಿ.”

ಅಡಿವೆಪ್ಪ ನೆಲ ನೋಡುತ್ತ ಹೇಳಿದ.

“ಹೋದ ವಾರ ಆ ಆ್ಯಪ್ ಕೆಟ್ಟು ನಿಂತಿತ್ರಿ. ತೆರದ್ರ ಚಕ್ರ ತಿರುಗತಿತ್ತು, ಮುಚ್ಚತಿತ್ತು. ನೆಟ್ಟಿನ್ಯಾಗ ನೋಡಿದೆ. ಅದನ್ನ ಡೇಟಾ ಸಮೇತ ತಗದು ಮತ್ತ ಹೊಸಾದಾಗಿ ಹಾಕ್ರಿ ಅಂತ ಯಾರೋ ಬರದಿದ್ರು. ಆ ಕಮಾಂಡ್ ಹಾಂಗ ಹೊಡದೆ. ಆವಾಗ ಅದು ಏನೋ ಕೇಳಿತ್ರಿ.”

“ಏನ ಕೇಳ್ತು?”

“ಇದರ ಡೇಟಾನೂ ಅಳಸಲೇನು ಅಂತಿರಬೇಕು.”

“ನೀ ಏನಂದಿ?”

“ನೆನಪಿಲ್ರಿ.”

“ನೆನಪಿಲ್ಲೋ, ನೆನಸಾಕ ಅಂಜಿಕ್ಯೋ?”

“ಎರಡೂ ರಿ.”

ಹೊಳೆಯ ಆಚೆ ದೋಣಿ ದಂಡೆ ಮುಟ್ಟಿತ್ತು. ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು ಅದರೊಳಗೆ ಕಾಲಿಡುತ್ತಿದ್ದಳು. ಅಡಿವೆಪ್ಪ ಅತ್ತ ನೋಡಿ ಬೇಗ ಮುಖ ತಿರುಗಿಸಿದ.

“ಖೋಲಿ ಒಳಗ ನೋಡಿದ್ಯೇನು?”

“ಇಲ್ರಿ.”

“ಯಾಕ?”

“ನೋಡಿದ ಮ್ಯಾಲ ಅಲ್ಲಿ ಇಲ್ಲಂದ್ರ?”

“ನೋಡದಿದ್ರ ಇರ್ತೈತೇನು?”

ನಸುಕಿನಿಂದ ಅಡಿವೆಪ್ಪ ಆ ಪರದೆಯ ಮುಂದೆ ಕೂತೇ ಇದ್ದ, ಏನನ್ನೂ ಒತ್ತಿರಲಿಲ್ಲ. ಒತ್ತದೆ ಇರುವಷ್ಟು ಹೊತ್ತು ಆ ಪದ ಎಲ್ಲೋ ಇದೆ ಅನ್ನಿಸುತ್ತಿತ್ತು.

ಅಜ್ಜಾರು ಎದ್ದು ಒಳಗೆ ನಡೆದರು. ಅವನು ಹಿಂದೆ ಹೋದ.

“ಕೂಡು. ಮೊದಲ ಯಾರ್ಯಾರು ಅದಾರ ಕೇಳು.”

ಅಡಿವೆಪ್ಪ ‘ಫ್ಲಾಟ್‌ಪ್ಯಾಕ್ ಲಿಸ್ಟ್’ ಎಂಬ ಕಮಾಂಡ್ ಒತ್ತಿದ. ಖೋಲಿ ಹಿಡಿದ ಆ್ಯಪ್‌ಗಳ ಹೆಸರು ಒಂದರ ಕೆಳಗೊಂದು ಬಂದು ನಿಂತವು. ರೆಕಾರ್ಡ್ ಮಾಡುವ ಆ್ಯಪ್ ಕೂಡ ಅಲ್ಲಿತ್ತು.

“ಇದು ನೀ ಮತ್ತ ತಂದು ಹಾಕಿದ್ದು?”

“ಹೂಂ ರಿ. ಹಾಕಿದ ಮ್ಯಾಲ ಒಮ್ಮೆನೂ ತೆರದಿಲ್ರಿ.”

“ಈಗ ಅದರ ಖೋಲ್ಯಾಗ ಏನೈತಿ ಕೇಳು. ಎರಡಕ್ಷರದ ಕಮಾಂಡ್. ಅದು ಏನೂ ಅಳಸೂದಿಲ್ಲ, ಏನೂ ಉಳಸೂದಿಲ್ಲ. ಇದ್ದದ್ದನ್ನ ತೋರಸತೈತಿ, ಅಷ್ಟ.”

ಬೆರಳು ಏಳಲಿಲ್ಲ.

“ನೀವ ಹೊಡೀರಿ ಅಜ್ಜಾರ.”

“ನಾ ಹೊಡದ್ರ ನೀ ಕಣ್ಣ ಮುಚ್ಚತಿ.”

ಹೊರಗೆ ಹೊಳೆಯ ಮೇಲಿಂದ ಅಂಬಿಗನ ದನಿ ಕೇಳಿಸಿತು. ಅವನು ಕಾಶವ್ವನ ಜೊತೆ ಏನೋ ಮಾತಾಡುತ್ತಿದ್ದ. ಕಾಶವ್ವ ನಕ್ಕದ್ದೂ ಕೇಳಿಸಿತು. ಅಡಿವೆಪ್ಪ ಎರಡಕ್ಷರ ಒತ್ತಿದ, ಖೋಲಿಯ ವಿಳಾಸ ಬರೆದ, ಎಂಟರ್ ಹೊಡೆದ.

ಒಂದೇ ಸಾಲು ಬಂತು. ಅಂಥ ಫೋಲ್ಡರ್ ಇಲ್ಲ ಎಂದಿತ್ತು.

ಅವನು ಅಕ್ಷರ ತಪ್ಪಾಗಿರಬೇಕೆಂದು ಇನ್ನೊಮ್ಮೆ ಬರೆದ. ಮತ್ತೆ ಅದೇ ಸಾಲು.

“ಹೂಂ ಅಂದಿದ್ದೆ ರಿ” ಎಂದ. “ಅದು ಕೇಳಿತ್ತು. ಓದಲಾರದ ಹೂಂ ಅಂದುಬಿಟ್ಟೆ.”

ಅಜ್ಜಾರು ಪರದೆಯನ್ನು ನೋಡುತ್ತ ನಿಂತಿದ್ದರು.

“ಬ್ಯಾರೆ ಎಲ್ಲೆರೆ ಒಂದು ಕಾಪಿ ಐತೇನು?”

“ಇಲ್ರಿ.”

“ಪೆನ್‌ಡ್ರೈವಿನ್ಯಾಗ?”

“ಇಲ್ರಿ. ಅಜ್ಜಾರ, ಅಳಸಿದ್ದನ್ನ ವಾಪಸ್ ತರೂ ಕಮಾಂಡ್ ಒಂದೂ ಇಲ್ಲೇನ್ರಿ?”

“ಇದ್ದಿದ್ರ ಅದು ಮೊದಲ ನಿನ್ನ ಯಾಕ ಕೇಳ್ತಿತ್ತು?”

ಅಡಿವೆಪ್ಪ ತಲೆ ಹಿಡಿದುಕೊಂಡು ಕೂತ. ದೋಣಿ ನಡುಹೊಳೆಗೆ ಬಂದಿತ್ತು. ಕಿಟಕಿಯಿಂದ ಕಾಶವ್ವನ ಸೀರೆಯ ಅಂಚು ಕಾಣುವಷ್ಟು ಹತ್ತಿರ.

ಅಜ್ಜಾರು ಕಿಟಕಿಯ ಬಳಿ ಹೋದರು, ವಾಪಸು ಬಂದರು. ಮತ್ತೆ ಹೋದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಯಮನಪ್ಪನ ತಮ್ಮ ದುರಗಪ್ಪ ಹಾಡಿದ ಪದಾ ಅದಾವಲ್ಲ?”

“ಹೂಂ ರಿ.”

“ಅಣ್ಣ ತಮ್ಮಂದು ದನಿ ಒಂದ. ನೀನೂ ಒಮ್ಮೆ ಹೆಸರು ಅದಲುಬದಲು ಮಾಡಿದ್ದಿ.”

“ಹೂಂ ರಿ.”

“ಗಂಡ ಹೆಂಡ್ತೀನ್ನ ನೆನಸಿ ಹಾಡೂದು ಒಂದೈತಿ ಅದರಾಗ.”

“ಹೂಂ ರಿ.”

“ದುರಗಪ್ಪನೂ ಈಗಿಲ್ಲ. ಕಾಶವ್ವ ಆ ಪದಾ ಕೇಳಿಲ್ಲ. ಅದನ್ನ ಹಚ್ಚೋಣು. ಮುದುಕಿ ಕೇಳಿ ಸಮಾಧಾನ ಆಕ್ಕಾಳ, ಯಾರಿಗೂ ತ್ರಾಸಿಲ್ಲ. ಏನಂತಿ?”

ಅಡಿವೆಪ್ಪನ ತುಟಿಗಳು ಹೂಂ ಅನ್ನಲು ಆಗಲೇ ಕೂಡಿಕೊಂಡಿದ್ದವು.

ಅವನಿಗೆ ಹೂಂ ಅನ್ನಬೇಕೆಂದೇ ಇತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೇಳಿದವರು ಗುರು, ಕೇಳುವಾಕೆಗೆ ಸಂತೋಷ, ತನ್ನ ತಪ್ಪಿಗೆ ಬಾಗಿಲು ಮುಚ್ಚಿದಂತೆ. ಕಾಶವ್ವ ಕಣ್ಣು ಮುಚ್ಚಿ ಕೇಳುವುದು ಅವನಿಗೆ ಕಂಡಿತು. ಕೇಳಿ ಮುಗಿಸಿ ಅವನ ತಲೆಯ ಮೇಲೆ ಕೈಯಿಟ್ಟು ಹರಸುವುದು ಕಂಡಿತು. ಪ್ರತಿ ಅಮಾಸೆಗೆ ಹೊಳೆ ದಾಟಿ ಬಂದು, ತಮ್ಮಾ, ಇನ್ನೊಮ್ಮೆ ಹಚ್ಚು ಎನ್ನುವುದೂ ಕಂಡಿತು.

“ಏನಂತಿ?” ಅಜ್ಜಾರು ಅವಸರ ಮಾಡಿದರು.

“ನೀವು ಕೇಳಿದ್ದನ್ನ ಇನ್ನೊಮ್ಮೆ ಹೇಳ್ರಿ ಅಜ್ಜಾರ.”

ಇಷ್ಟು ವರ್ಷದಲ್ಲಿ ಅಡಿವೆಪ್ಪ ಗುರುವಿನ ಬಾಯಿಂದ ಒಂದು ಮಾತನ್ನೂ ಎರಡು ಸಲ ಹೇಳಿಸಿದವನಲ್ಲ. ಅಜ್ಜಾರು ಅವನನ್ನು ದಿಟ್ಟಿಸಿದರು. ನಂತರ ಒಂದೊಂದೇ ಮಾತು ಬಿಡಿಸಿ ಹೇಳಿದರು.

“ದುರಗಪ್ಪನ ಪದಾ, ಯಮನಪ್ಪಂದು ಅಂತ ಹೇಳಿ, ಕಾಶವ್ವನ ಮುಂದ ಹಚ್ಚೋಣೇನು?”

“ಬ್ಯಾಡ್ರಿ” ಎಂದ ಅಡಿವೆಪ್ಪ.

ಅಂದವನು ಅಲ್ಲಿ ನಿಲ್ಲಲಿಲ್ಲ. ನಿಂತರೆ ಧೈರ್ಯ ಇಳಿದುಹೋದೀತೆಂದು ಓಡುತ್ತಲೇ ಹೊಳೆಯ ಮೆಟ್ಟಿಲು ಇಳಿದ.

ಕಾಶವ್ವ ದೋಣಿಯಿಂದ ಇಳಿಯುತ್ತಿದ್ದಳು. ಟ್ರಂಕಿನ ವಾಸನೆ ಇನ್ನೂ ಹೋಗದ ಇಳಕಲ್ ಸೀರೆ ಉಟ್ಟಿದ್ದಳು. ತಲೆಯ ತುಂಬ ಸೆರಗು.

“ಕೈ ಕೊಡು ತಮ್ಮಾ” ಎಂದಳು. ಅವನ ಕೈ ಹಿಡಿದು ಮೆಟ್ಟಿಲಿಗೆ ಬಂದಳು. “ಎಲ್ಲಿ ಕುಂಡ್ರಬೇಕು ನಾ? ಒಳಗೋ, ಹೊರಗೋ? ಮಂದಿ ಯಾರೂ ಇಲ್ಲ ಹೌದಲ್ಲ?”

“ಕಾಶವ್ವಾ, ಪದಾ ಇಲ್ರಿ.”

“ಆಂ?”

“ನಾ ಅಳಸೀನ್ರಿ. ಬೇಕಂತ ಅಲ್ರಿ. ಅಳಸಲೇನು ಅಂತ ಕಂಪ್ಯೂಟರ್ ಕೇಳ್ತು. ನಾ ಓದಲಾರದ ಹೂಂ ಅಂದೆ.”

ಆಕೆ ಅವನ ಕೈ ಬಿಟ್ಟಳು.

“ಇನ್ನೊಮ್ಮೆ ಬರೂದಿಲ್ಲೇನು?”

“ಇಲ್ರಿ.”

“ರಿಪೇರಿ ಮಾಡಿಸಿದ್ರ?”

“ಬರೂದಿಲ್ರಿ.”

ಕಾಶವ್ವ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೀರೆಯ ಅಂಚು ನೀರಿಗೆ ಬಿದ್ದದ್ದು ಆಕೆಗೆ ಗೊತ್ತಾಗಲಿಲ್ಲ.

“ನಿನ್ನ ಬಾಯಾಗ ಮಣ್ಣ ಹಾಕ” ಎಂದಳು. “ಜನ್ಮದಾಗ ಒಂದು ಪದಾ ಹಾಡಿದ್ರೋ ನನಗಂತ. ಒಂದು. ಅದಕ್ಕ ಹೂಂ ಅಂದ್ಯಾ?”

ಆಮೇಲೆ ಅತ್ತಳು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಮೈಯೆಲ್ಲ ಅಲುಗಾಡುವಂತೆ ಅತ್ತಳು. ಅಂಬಿಗ ಹುಟ್ಟು ಹಿಡಿದುಕೊಂಡು ಬೇರೆ ಕಡೆ ನೋಡಿದ. ಅಡಿವೆಪ್ಪ ಎದುರಿಗೇ ನಿಂತಿದ್ದ. ಓಡಿಹೋಗಬೇಕೆಂದು ಅನ್ನಿಸಿದರೂ ಹೋಗಲಿಲ್ಲ.

ಅಳು ಇಳಿದ ಮೇಲೆ ಆಕೆ ತಲೆ ಎತ್ತಿದಳು.

“ನೀ ಅಲ್ಲೇ ಇದ್ದೆಲ್ಲಾ, ಅವರು ಹಾಡೂ ಮುಂದ? ಏನಿತ್ತು ಅದರಾಗ? ನಿನಗ ನೆನಪಿದ್ದಷ್ಟ ಹೇಳು.”

ಏನಾದರೂ ಹೇಳಬಹುದಿತ್ತು. ಭಜನೆಯಲ್ಲಿ ಬೆಳೆದವನಿಗೆ ಎರಡು ಸಾಲು ಕಟ್ಟುವುದು ದೊಡ್ಡ ಮಾತಲ್ಲ.

“ನಾ ಪದಾ ಕೇಳಲಿಲ್ರಿ” ಎಂದ. “ದನಿ ಹೆಚ್ಚಾದ್ರ ಪರದಿ ಮ್ಯಾಲಿನ ಹಸರು ಗೆರಿ ಕೆಂಪ ಆಕ್ಕೈತಿ. ಆಗಬಾರದಂತ ಅದನ್ನ ನೋಡ್ಕೊಂತ ಕುಂತಿದ್ದೆ. ನಡುವ ಒಮ್ಮೆ ಹಾಡೂದು ಬಿಟ್ಟು ನಕ್ರು. ಅದೊಂದು ನೆನಪೈತ್ರಿ.”

“ನಕ್ರೇನು?”

“ನಕ್ರು ರಿ. ಮುಂದ ಹಾಡಾಕ ಆಗಲಿಲ್ಲ ಸ್ವಲ್ಪ ಹೊತ್ತು.”

“ಹೆಂಗ ನಕ್ರು?”

“ತಲಿ ಕೆಳಗ ಹಾಕಿ. ದನಿ ಬರಲಿಲ್ರಿ, ಹೆಗಲ ಅಷ್ಟ ಅಳ್ಳಾಡತಿದ್ವು.”

ಕಾಶವ್ವ ಅವನನ್ನೇ ನೋಡಿದಳು. ನಂಬಬೇಕೋ ಬಿಡಬೇಕೋ ಎಂದು ಅಳೆಯುತ್ತಿದ್ದಂತಿತ್ತು.

“ಹೌದು. ಹಂಗ ನಗತಿದ್ರು” ಎಂದಳು.

ಅವಳು ಆಶ್ರಮಕ್ಕೆ ಹತ್ತಲಿಲ್ಲ. ಅಜ್ಜಾರನ್ನೂ ಕೇಳಲಿಲ್ಲ. ಅಡಿವೆಪ್ಪ ಕೈ ಚಾಚಿದರೆ ಹಿಡಿಯದೆ, ಅಂಬಿಗನ ಹೆಗಲು ಹಿಡಿದು ಅದೇ ದೋಣಿ ಹತ್ತಿ ಕೂತಳು.

ಅಡಿವೆಪ್ಪ ಮೇಲೆ ಬಂದಾಗ ಅಜ್ಜಾರು ಕಟ್ಟೆಯ ಮೇಲಿದ್ದರು. ಶೇಂಗಾ ಬಿಟ್ಟಲ್ಲೇ ಬಿದ್ದಿತ್ತು.

“ಹೇಳಿದ್ಯಾ?”

“ಹೇಳಿದೆ ರಿ.”

“ಏನಂದ್ಲು?”

“ಬೈದ್ರು. ಅತ್ರು. ಹ್ವಾದ್ರು.”

ಅಡಿವೆಪ್ಪ ಗುರುವಿನ ಕಾಲ ಬಳಿ ಕೂತ. ದೋಣಿ ಆಚೆ ದಂಡೆ ಸೇರಿತು. ಕೂತಲ್ಲೇ ಅವನಿಗೊಂದು ಹೊಳೆಯಿತು, ಎದೆ ಸ್ವಲ್ಪ ಹಗುರಾಯಿತು. ಅವನು ಕೇಳಿದ ಕಥೆಗಳಲ್ಲೆಲ್ಲ ಗುರುಗಳು ಹೀಗೇ ಮಾಡುತ್ತಿದ್ದರು.

“ಅಜ್ಜಾರ, ಆ ದುರಗಪ್ಪನ ಪದದ ಮಾತು. ನನ್ನ ಪರೀಕ್ಷಾ ಮಾಡಾಕ ಅಂದ್ರಿ, ಹೌದಲ್ರಿ?”

ಅಜ್ಜಾರು ಒಂದು ಶೇಂಗಾ ಎತ್ತಿಕೊಂಡು, ಸುಲಿಯದೆ ಹಾಗೇ ಇಟ್ಟರು.

“ಇಲ್ಲೋ ಅಡಿವೆಪ್ಪಾ. ಆಕಿ ಮಾರಿ ನೋಡೂ ಧೈರ್ಯಾ ನನಗೂ ಇರಲಿಲ್ಲ. ನೀ ಹೂಂ ಅಂದಿದ್ರ ಹಚ್ಚಿಬಿಡ್ತಿದ್ದೆ.”