ಬಳೆಗಾರ ಕೊಂಡ ಮನೆ

"ಗುರುಗಳೇ, ಹಳೆಯದೊಂದನ್ನು ಸರಿಪಡಿಸಲು ಹೊರಟವನು ಮೊದಲು ಎಲ್ಲಿ ಕೈ ಹಾಕಬೇಕು?" ಎಂದು ಶಿಷ್ಯ ಕೇಳಿದ.

ಅವನು ಸುಮ್ಮನೆ ಕೇಳಿದ್ದಲ್ಲ. ಹೊಳೆಯಾಚೆಯ ಹಳೆಯ ಶಾಖಾಮಠವೊಂದರ ಹೊಣೆಯನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಅವನು ಹೋಗಿ ಅಲ್ಲಿ ಒಂದು ತಿಂಗಳು ಇದ್ದು, ನೋಡಬೇಕಾದುದನ್ನೆಲ್ಲ ನೋಡಿಕೊಂಡು ಬಂದಿದ್ದ. ಅಲ್ಲಿ ಪೂಜೆಗೆ ಹೊತ್ತುಗೊತ್ತು ಇರಲಿಲ್ಲ. ಪಾಠಕ್ಕೆ ಬರುವ ಮಕ್ಕಳು ಕಡಿಮೆಯಾಗಿದ್ದರು. ಮುಂದಿನ ಸಾಲಿನಲ್ಲಿ ಯಾರು ಕೂರಬೇಕೆಂದು ಊರಿನ ಹಿರಿಯರು ಜಗಳವಾಡುತ್ತಿದ್ದರು. ಮಂಟಪದ ಕಂಬಗಳಿಗೆ ಬಣ್ಣ ಕಾಣಿಸಿ ಎಷ್ಟೋ ವರ್ಷಗಳಾಗಿದ್ದವು. ಇದನ್ನೆಲ್ಲ ಸರಿಮಾಡಬಲ್ಲೆ ಎಂಬ ಧೈರ್ಯ ಶಿಷ್ಯನಿಗಿತ್ತು. ಎಲ್ಲಿಂದ ಶುರುಮಾಡಬೇಕು ಎಂಬುದೊಂದೇ ತಿಳಿದಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಸುತ್ತಮುತ್ತಲ ಹಳ್ಳಿಗಳನ್ನು ತಿರುಗುವುದು ಅವನ ಕಸುಬು. ಕಸುಬಿನಲ್ಲಿ ಗಟ್ಟಿಗ. ಹೆಂಗಸರ ಕೈ ನೋಡಿದರೆ ಸಾಕು, ಬಳೆಯ ಅಳತೆ ಹೇಳುತ್ತಿದ್ದ. ಒಂದು ಬಳೆಯೂ ಒಡೆಯದಂತೆ ತೊಡಿಸುತ್ತಿದ್ದ. ಬಡವರ ಮನೆ, ಸಾಹುಕಾರರ ಮನೆ ಎನ್ನದೆ ಎಲ್ಲ ಮನೆಗಳ ಪಡಸಾಲೆಯಲ್ಲೂ ಅವನು ಕುಳಿತಿದ್ದ. ಹೆಂಗಸರು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಅವನ ಮುಂದೆ ಕೈ ಚಾಚುತ್ತಿದ್ದರು. ಆ ಕೈಗಳು ಎಲ್ಲಿಂದ ಬರುತ್ತಿದ್ದವು ಎಂಬುದನ್ನು ಅವನು ನೋಡಿದವನಲ್ಲ.

ಅವನ ಹೆಂಡತಿ ಬಾಳವ್ವ. ಗಂಡಹೆಂಡಿರು ಬಹಳ ಕಾಲ ಬಾಡಿಗೆಯ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದರು. ಅಡುಗೆಗೆ ಹೊರಗೆ ಒಂದು ಚಪ್ಪರವಿತ್ತು. ಮೂರು ಕಡೆಯೂ ಬಯಲು. ಮಳೆಗಾಲದಲ್ಲಿ ಎರಚಲು ಹೊಡೆಯುತ್ತಿತ್ತು, ಬೇಸಿಗೆಯಲ್ಲಿ ಧೂಳು. ಸ್ವಂತ ಮನೆಯೊಂದು ಬೇಕೆಂದು ಇಬ್ಬರೂ ಆಸೆಪಟ್ಟರು. ದುಡಿದರು. ಬಳೆಗಾರ ಪೇಟೆಯಲ್ಲಿ ಅಂಗಡಿ ಇಟ್ಟ. ಕೊನೆಗೆ ಒಂದು ಹಳೆಯ ಮನೆ ಮಾರಾಟಕ್ಕಿದೆ ಎಂದು ತಿಳಿದು ಹೋಗಿ ನೋಡಿದರು.

ಸಾಲುಮನೆಗಳ ನಡುವಿನ ಮನೆ ಅದು. ಮುಂದೆ ಪಡಸಾಲೆ. ನಡುವೆ ಒಂದು ಕೋಣೆ, ಅದೇ ಅಡುಗೆಮನೆ. ಹಿಂದೆ ಹಿತ್ತಿಲಿಗೆ ಸೇರಿದಂತೆ ಇನ್ನೊಂದು ಕೋಣೆ, ಅದಕ್ಕೆ ಎರಡು ಕಿಟಕಿ. ಗೋಡೆಗಳು ಮಾಸಿದ್ದವು. ಹೆಂಚು ಸರಿದು ಅಲ್ಲಲ್ಲಿ ಆಕಾಶ ಕಾಣುತ್ತಿತ್ತು. ನೆಲ ಎದ್ದಿತ್ತು. ಜಂತೆಗಳಿಗೆ ಗೆದ್ದಲು ಹತ್ತಿತ್ತು. ಬೇರೆಯವರು ನೋಡಿ ಬೇಡವೆಂದು ಬಿಟ್ಟುಹೋದ ಮನೆ. ಬಳೆಗಾರ ಗೋಡೆಯನ್ನು ಗುದ್ದಿ ನೋಡಿದ. ತೊಲೆಗೆ ಉಗುರು ಒತ್ತಿ ನೋಡಿದ. ಮನೆಯ ಮೈ ಗಟ್ಟಿಯಾಗಿದೆ, ಒಳಗನ್ನು ತಾನು ಹೊಸದು ಮಾಡಬಲ್ಲೆ ಎಂದು ಹೆಂಡತಿಗೆ ಹೇಳಿ ಕೊಂಡುಬಿಟ್ಟ. ಅವನ ಲೆಕ್ಕ ತಪ್ಪಿರಲಿಲ್ಲ. ಮನೆ ನಿಜಕ್ಕೂ ಗಟ್ಟಿಯಾಗಿತ್ತು.

ಹೇಗೆ ಮಾಡಬೇಕೆಂದು ಅವನು ಯಾರನ್ನೂ ಕೇಳಲಿಲ್ಲ. ಅಷ್ಟೊಂದು ಪಡಸಾಲೆಗಳಲ್ಲಿ ಕೂತವನಿಗೆ ಚೆಂದದ ಮನೆ ಎಂದರೆ ಏನೆಂದು ಗೊತ್ತಿತ್ತು. ಗೌಡರ ಮನೆಯಲ್ಲಿ ನೋಡಿದಂಥ ಉಯ್ಯಾಲೆ ತೂಗುಹಾಕಿಸಿದ. ಒಬ್ಬ ವಕೀಲರ ಮನೆಯಲ್ಲಿದ್ದಂತೆ ನೆಲಕ್ಕೆ ನುಣುಪಾದ ಕಲ್ಲು ಹಾಸಿಸಿದ. ತಲೆಗೆ ಬಡಿಯುತ್ತಿದ್ದ ಬಾಗಿಲನ್ನು ಎತ್ತರಿಸಿದ. ಗೆದ್ದಲು ತಿಂದ ಜಂತೆ ತೆಗೆಸಿ ಹೊಸತು ಕೂರಿಸಿದ. ಸರಿದಿದ್ದ ಹೆಂಚನ್ನು ಇಳಿಸಿ, ಕೆಳಗೆ ಹಲಗೆ ಬಡಿಸಿ, ಒಂದು ಹನಿಯೂ ಸೋರದಂತೆ ಬಿಗಿಯಾಗಿ ಹೊದಿಸಿದ. ಗಾರೆಯವನನ್ನು ಕರೆಸಿ ಗೋಡೆಗಳಿಗೆ ಸುಣ್ಣದ ಗಾರೆ ಮೆತ್ತಿಸಿದ. ನುಣುಪುಗಲ್ಲಿನಿಂದ ತಿಕ್ಕಿ ತಿಕ್ಕಿ, ಗೋಡೆ ಹಾಲಿನ ಹಾಗೆ ಬೆಳ್ಳಗಾಯಿತು.

ಹಿಂದಿನ ಕೋಣೆಯ ಮೇಲೆ ಅವನಿಗೆ ವಿಶೇಷ ಪ್ರೀತಿ. ಗಾಳಿ, ಬೆಳಕು ಎರಡೂ ಇದ್ದ ಕೋಣೆ ಅದೊಂದೇ. ಅದನ್ನು ನೆಂಟರ ಕೋಣೆ ಮಾಡಿದ. ಅಲ್ಲಿನ ಗೋಡೆ ಎಷ್ಟು ಹೊಳೆಯುತ್ತಿತ್ತೆಂದರೆ ಹತ್ತಿರ ನಿಂತರೆ ಮುಖದ ನೆರಳು ಕಾಣುತ್ತಿತ್ತು. ಬಾಳವ್ವ ಆ ಕೋಣೆಯನ್ನು ಅಡುಗೆಗೆ ಕೊಡಬಹುದೇ ಎಂದು ಮೊದಲೇ ಕೇಳಿದ್ದಳು. ನೆಂಟರು ಬಂದರೆ ನಡುಮನೆಯ ಕತ್ತಲಲ್ಲಿ ಮಲಗಿಸುವುದೇ ಎಂದು ಅವನು ಕೇಳಿದ್ದ. ಮಾತು ಅಲ್ಲಿಗೆ ನಿಂತಿತ್ತು. ಅಡುಗೆಮನೆಯಲ್ಲಿ ಯಾರು ಕೂರುತ್ತಾರೆ ಎಂದು ಅದನ್ನು ಇದ್ದ ಹಾಗೆಯೇ ಬಿಟ್ಟ.

ಯುಗಾದಿಗೆ ಗೃಹಪ್ರವೇಶವಾಯಿತು. ಬಂದವರೆಲ್ಲ ಹೊಗಳಿದರು. ಮನೆಯನ್ನು ಬೇಡವೆಂದು ಬಿಟ್ಟುಹೋದವರೂ ಬಂದು ನೋಡಿ ಬೆರಗಾದರು.

ಒಲೆ ಹೊತ್ತಿಸಿದ ಮೇಲೆ ತೊಂದರೆ ಶುರುವಾಯಿತು. ಹಿಂದೆ ಹೊಗೆ ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಈಗ ಸಂದುಗಳಿರಲಿಲ್ಲ. ಹೊಗೆ ಪಡಸಾಲೆಗೆ ನುಗ್ಗಿತು. ಬಿಳಿಯ ಗೋಡೆಯ ಮೇಲ್ಭಾಗ ಕಂದುಬಣ್ಣಕ್ಕೆ ತಿರುಗಿತು. ಬಳೆಗಾರ ಅದನ್ನು ಕೂಡಲೇ ಗಮನಿಸಿದ. ಬಡಗಿಯನ್ನು ಕರೆಸಿ ಅಡುಗೆಮನೆಯ ಎರಡು ಕಡೆಗೂ ಸಂದಿಲ್ಲದ ಬಾಗಿಲು ಹಾಕಿಸಿದ. ಅಡುಗೆಯ ಹೊತ್ತಿನಲ್ಲಿ ಬಾಗಿಲು ಮುಚ್ಚಿಕೊಂಡಿರಬೇಕೆಂದು ಹೆಂಡತಿಗೆ ಹೇಳಿದ. ಗೋಡೆ ಮತ್ತೆ ಮಾಸಲಿಲ್ಲ.

ಒಳಗೆ ಹೊಗೆ ನಿಲ್ಲುತ್ತದೆ ಎಂದು ಬಾಳವ್ವ ಒಂದು ಸಲ ಹೇಳಿದಳು. ಮಳೆಗಾಲ ಮುಗಿಯಲಿ, ಏನಾದರೂ ಮಾಡೋಣ ಎಂದ. ಇನ್ನೊಂದು ಸಲ ಹೇಳಿದಳು. ಆಮೇಲೆ ಹೇಳಲಿಲ್ಲ. ಅವಳಿಗೆ ಕೆಮ್ಮು ಅಂಟಿಕೊಂಡಿತು. ಕಣ್ಣು ಸದಾ ಕೆಂಪಗಿರುತ್ತಿತ್ತು. ಬಳೆಗಾರನಿಗೆ ಹೆಂಡತಿಯ ಮೇಲೆ ಪ್ರೀತಿಯಿತ್ತು. ವೈದ್ಯರ ಬಳಿ ಕರೆದುಕೊಂಡು ಹೋಗಿ ಔಷಧಿ ಕೊಡಿಸಿದ. ವೇಳೆಗೆ ಸರಿಯಾಗಿ ತೆಗೆದುಕೊಳ್ಳಬೇಕೆಂದು ದಿನವೂ ನೆನಪಿಸಿದ. ಅವಳು ಔಷಧಿ ಕುಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹೀಗಿರುವಾಗ ದೀಪಾವಳಿಗೆ ನೆಂಟರು ಬಂದರು. ಊಟಕ್ಕೆ ಕೂತರು. ಬಾಳವ್ವ ಮಜ್ಜಿಗೆ ಬಡಿಸಲು ಬಂದಳು. ಲೋಟಕ್ಕೆ ಹಾಕಬೇಕಾದ ಮಜ್ಜಿಗೆಯನ್ನು ಪಕ್ಕದ ನೆಲಕ್ಕೆ ಹಾಕಿದಳು. ಹಾಕಿದ್ದು ಅವಳಿಗೆ ಗೊತ್ತಾಗಲಿಲ್ಲ. ಮುಂದಿನ ಲೋಟಕ್ಕೆ ಹೋದಳು. ಅಲ್ಲಿಯೂ ಹಾಗೆಯೇ ಆಯಿತು. ನೆಂಟರಲ್ಲಿ ಯಾರೋ ನಕ್ಕರು. ಬಳೆಗಾರ ಎದ್ದು ಬಟ್ಟೆ ತಂದು, ಕಲೆಯಾಗುವ ಮೊದಲು ನೆಲ ಒರೆಸಿದ.

ಮರುದಿನ ಬೆಳಿಗ್ಗೆ ನೆಂಟರು ಹೊರಟುಹೋದರು. ಅಂಗಡಿಗೆ ಹೊರಡಲು ಸಿದ್ಧನಾದ ಬಳೆಗಾರ ಹೆಂಡತಿಯನ್ನು ಮನೆಯೆಲ್ಲ ಹುಡುಕಿದ. ಅವಳು ಹಿತ್ತಿಲಲ್ಲಿದ್ದಳು. ಮೂರು ಕಲ್ಲು ಹೂಡಿ, ಬಿಸಿಲಲ್ಲಿ ಕೂತು ರೊಟ್ಟಿ ತಟ್ಟುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಬೇಲಿಯಾಚೆಯಿಂದ ನೋಡುತ್ತಿದ್ದರು. ಬಳೆಗಾರನಿಗೆ ನಾಚಿಕೆಯಾಯಿತು.

"ಇಷ್ಟು ಚೆಂದದ ಮನೆ ಇಟ್ಟುಕೊಂಡು ಹಿತ್ತಿಲಲ್ಲಿ ಒಲೆ ಹೂಡಿದ್ದೀಯಲ್ಲ ಬಾಳವ್ವ, ನೋಡಿದವರು ಏನು ತಿಳಿದುಕೊಳ್ಳಬೇಕು?" ಎಂದ.

ಬಾಳವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಮನೆ ಚೆಂದವಾಗಿದೆ, ನಾನು ಇಲ್ಲ ಅನ್ನುವುದಿಲ್ಲ. ಒಳಗಿನ ಒಲೆಯೂ ಹಾಗೇ ಇದೆ. ಇವತ್ತು ನಿಮ್ಮ ರೊಟ್ಟಿಯನ್ನು ನೀವು ಅಲ್ಲಿ ಬೇಯಿಸಿಕೊಂಡು ಬನ್ನಿ. ಬಾಗಿಲು ಹಾಕಿಕೊಳ್ಳುವುದನ್ನು ಮರೆಯಬೇಡಿ, ಗೋಡೆ ಮಾಸುತ್ತದೆ. ಆಮೇಲೆ ಒಲೆ ಎಲ್ಲಿರಬೇಕೋ ನೀವೇ ಹೇಳಿ. ಅಲ್ಲೇ ಇಡುತ್ತೇನೆ."

ಬಳೆಗಾರ ಹಿಂಜರಿಯಲಿಲ್ಲ. ಊರೂರು ತಿರುಗುವಾಗ ಮರದ ಕೆಳಗೆ ಒಲೆ ಹೂಡಿ ಎಷ್ಟೋ ಸಲ ರೊಟ್ಟಿ ಮಾಡಿಕೊಂಡವನು ಅವನು. ಇದೇನು ಮಹಾ ಕೆಲಸ ಎಂದುಕೊಂಡು ಒಳಗೆ ಹೋದ. ಬಾಗಿಲು ಹಾಕಿಕೊಂಡ. ಹಿಟ್ಟು ನಾದಿದ. ಒಲೆ ಹೊತ್ತಿಸಿದ. ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ ಎಂದು ಕಾದ. ಇಳಿಯಲಿಲ್ಲ. ಮೊದಲ ರೊಟ್ಟಿ ಹಂಚಿಗೆ ಬೀಳುವ ಹೊತ್ತಿಗೆ ಅವನಿಗೆ ಹಂಚು ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ತಿರುವಿಹಾಕಲು ಹೋಗಿ ಬೆರಳು ಸುಟ್ಟುಕೊಂಡ. ಉಸಿರು ಕಟ್ಟಿತು. ಎದ್ದು ತಡವರಿಸುತ್ತ ಬಾಗಿಲ ಹತ್ತಿರ ಬಂದು ಚಿಲಕದ ಮೇಲೆ ಕೈಯಿಟ್ಟ. ಈ ಬಾಗಿಲನ್ನು ಮುಚ್ಚಿರಬೇಕೆಂದು ಹೇಳಿದವರು ಯಾರೆಂದು ಆಗ ನೆನಪಾಯಿತು. ಚಿಲಕ ಬಿಟ್ಟು ಮತ್ತೆ ಒಲೆಯ ಮುಂದೆ ಕೂತ. ನಾದಿದ ಹಿಟ್ಟು ಮುಗಿಯುವವರೆಗೂ ಕೂತ.

ಸೀದ ರೊಟ್ಟಿಗಳನ್ನು ಹಿಡಿದುಕೊಂಡು ಅವನು ಹಿತ್ತಿಲಿಗೆ ಬಂದಾಗ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬಾಳವ್ವ ನಗಲಿಲ್ಲ. ನೀರು ಕೊಟ್ಟಳು. ಅವನು ಮುಖ ತೊಳೆದುಕೊಳ್ಳುವಷ್ಟರಲ್ಲಿ ಒಂದು ರೊಟ್ಟಿಯನ್ನು ಮುರಿದು, ಸೀದದ್ದನ್ನು ಬಿಟ್ಟು, ಉಳಿದದ್ದನ್ನು ತಿಂದಳು.

ಬಳೆಗಾರ ಅಲ್ಲೇ ಕಲ್ಲಿನ ಮೇಲೆ ಕುಳಿತ. ಅಂಗಡಿಗೆ ಹೋಗಲಿಲ್ಲ. ತಾನು ಒಂದು ಊಟದ ಹೊತ್ತು ತಾಳಿದ್ದನ್ನು ಅವಳು ಯುಗಾದಿಯಿಂದ ಎರಡು ಹೊತ್ತೂ ತಾಳಿದ್ದಳು. ಊರಿನ ಹೆಂಗಸರ ಕೈಯನ್ನೆಲ್ಲ ಕಣ್ಣಳತೆಯಲ್ಲೇ ತಿಳಿಯುತ್ತಿದ್ದವನಿಗೆ ತನ್ನ ಮನೆಯವಳ ಕಣ್ಣು ಮಂಜಾಗುತ್ತಿರುವುದು ತಿಳಿದಿರಲಿಲ್ಲ. ನೆಲ ಒರೆಸಲು ಹೋಗಿದ್ದನೇ ಹೊರತು, ಮಜ್ಜಿಗೆ ಏಕೆ ಚೆಲ್ಲಿತೆಂದು ಕೇಳಿರಲಿಲ್ಲ. ಅವನು ಎದ್ದು ಹೋಗಿ ಗಾರೆಯವನನ್ನು ಕರೆತಂದ.

ಅಡುಗೆಮನೆಯ ಮೇಲಿನ ಹೆಂಚು ತೆಗೆದರೆ ಆದೀತು ಎಂದು ಗಾರೆಯವನು ಹೇಳಿದ. ಮಳೆ ಬಂದರೆ ಒಲೆಗೇ ಬೀಳುತ್ತದೆ, ಆ ಕತ್ತಲು ಹಾಗೇ ಉಳಿಯುತ್ತದೆ ಎಂದು ಬಳೆಗಾರ ಒಪ್ಪಲಿಲ್ಲ. ಅವನನ್ನು ನೆಂಟರ ಕೋಣೆಗೆ ಕರೆದುಕೊಂಡು ಹೋದ. ಎರಡು ಕಿಟಕಿಗಳ ನಡುವಿನ ಗೋಡೆಯನ್ನು ತೋರಿಸಿ, ಒಲೆ ಇಲ್ಲಿ ಬರಲಿ, ಹೊಗೆ ಹೋಗಲು ಗೋಡೆಯನ್ನು ಒಡೆದು ಮೇಲಕ್ಕೆ ದಾರಿ ಮಾಡು ಎಂದ. ಗಾರೆಯವನು ಕೈಯಲ್ಲಿದ್ದ ಹಾರೆಯನ್ನು ಕೆಳಗಿಟ್ಟ. ತನ್ನ ಆಯುಷ್ಯದಲ್ಲಿ ಇಂಥ ಇನ್ನೊಂದು ಗೋಡೆ ಮಾಡಿಲ್ಲ, ಒಡೆಯಲು ಮನಸ್ಸು ಬರುವುದಿಲ್ಲ ಎಂದ. ಬಳೆಗಾರ ಬಗ್ಗಿ ಹಾರೆಯನ್ನು ಎತ್ತಿಕೊಂಡ. ಮೊದಲ ಪೆಟ್ಟನ್ನು ತಾನೇ ಹಾಕಿದ. ಹಾಲಿನಂಥ ಗಾರೆ ಚಕ್ಕೆಯಾಗಿ ಉದುರಿತು. ಆಮೇಲೆ ಗಾರೆಯವನೂ ಕೈ ಹಚ್ಚಿದ.

ಕೆಲಸ ಮುಗಿದ ಮೇಲೆ ಬಾಳವ್ವ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದಳು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಹೊಳೆಯುವ ಗೋಡೆಗಳು ಕೆಲವೇ ದಿನಗಳಲ್ಲಿ ಒಗ್ಗರಣೆಯ ಬಣ್ಣಕ್ಕೆ ತಿರುಗಿದವು. ನಡುವಿನ ಕತ್ತಲ ಕೋಣೆಯಲ್ಲಿ ಬಳೆಗಾರ ತನ್ನ ಬಳೆಯ ಪೆಟ್ಟಿಗೆಗಳನ್ನು ಇಟ್ಟುಕೊಂಡ. ಬಳೆಗೆ ಬೆಳಕು ಬೇಕಾಗಿರಲಿಲ್ಲ. ಸಂಕ್ರಾಂತಿಗೆ ಬಂದ ಅವನ ಭಾವ, ಮಲಗಲು ಪಡಸಾಲೆಯಲ್ಲಿ ಹಾಸಿಗೆ ಹಾಕಿದ್ದನ್ನು ಕಂಡು ಮುಖ ಊದಿಸಿಕೊಂಡ. ಬಳೆಗಾರ ಊಟಕ್ಕೆ ಅವನನ್ನು ಒಲೆಯ ಪಕ್ಕದಲ್ಲಿ, ಕಿಟಕಿಯ ಗಾಳಿ ಬರುವಲ್ಲಿ ಕೂರಿಸಿದ. ಬಿಸಿ ರೊಟ್ಟಿ ತಿನ್ನುತ್ತ ತಿನ್ನುತ್ತ ಭಾವನ ಮುಖ ಸರಿಹೋಯಿತು.

ಬಾಳವ್ವನ ಕೆಮ್ಮು ಬೇಸಿಗೆಯ ಹೊತ್ತಿಗೆ ನಿಂತಿತು. ಬಲಗಣ್ಣು ತಿಳಿಯಾಯಿತು. ಎಡಗಣ್ಣಿನ ಮಂಜು ಹೋಗಲಿಲ್ಲ. ಸೂಜಿಗೆ ದಾರ ಪೋಣಿಸುವ ಕೆಲಸವೊಂದನ್ನು ಅವಳು ಗಂಡನಿಗೆ ಬಿಟ್ಟಳು. ಅವನು ಕೊನೆಯವರೆಗೂ ಪೋಣಿಸಿಕೊಟ್ಟ.

ಮುಂದೆ ಆ ಊರಿನಲ್ಲಿ ಯಾರು ಹಳೆಯ ಮನೆ ಕೊಂಡರೂ ಬಳೆಗಾರನನ್ನು ಕರೆದು ತೋರಿಸುತ್ತಿದ್ದರು. ಅವನು ಪಡಸಾಲೆಯಲ್ಲಿ ನಿಲ್ಲುತ್ತಿರಲಿಲ್ಲ. ನೇರವಾಗಿ ಒಳಗೆ ಹೋಗಿ, ಒಲೆ ಹೊತ್ತಿಸಲು ಹೇಳಿ, ಅದರ ಮುಂದೆ ಅಡುಗೆ ಮುಗಿಯುವ ತನಕ ಕೂರುತ್ತಿದ್ದ. ಆಮೇಲೆ ಮಾತಾಡುತ್ತಿದ್ದ. ಮನೆಯ ಯಜಮಾನರಿಗೆ ಇದು ವಿಚಿತ್ರವೆನ್ನಿಸುತ್ತಿತ್ತು. ಅವರ ಹೆಂಡಿರಿಗೆ ಅನ್ನಿಸುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಅವನು ಎದ್ದು ಕೈಮುಗಿದ. ಕಣ್ಣಿಗೆ ಕಾಣುವುದನ್ನು ಚೆಂದ ಮಾಡುವ ಮೊದಲು, ಕಾಣದೆ ನೋಯುವವರನ್ನು ವಿಚಾರಿಸಬೇಕು, ಇದು ತನಗೆ ಚೆನ್ನಾಗಿ ಅರ್ಥವಾಯಿತು ಎಂದ. ನಾಳೆಯೇ ಹೊಳೆ ದಾಟಿ ಹೋಗಿ ಕೆಲಸ ಶುರುಮಾಡುವುದಾಗಿ ಹೇಳಿ ಅಪ್ಪಣೆ ಬೇಡಿದ.

ಗುರುಗಳು ಕೇಳಿದರು: "ಒಂದು ತಿಂಗಳು ಆ ಮಠದಲ್ಲಿ ಉಂಡು ಬಂದೆಯಲ್ಲ, ಅಲ್ಲಿ ನಿನಗೆ ಅಡುಗೆ ಮಾಡಿದವರ ಹೆಸರೇನು?"

ಶಿಷ್ಯ ಅದನ್ನು ಕೇಳಿಯೇ ಇರಲಿಲ್ಲ. ಮುಗಿದಿದ್ದ ಕೈ ಇಳಿಸಿ, ಗುರುಗಳ ಮುಂದೆ ಮತ್ತೆ ಕೂತ.