ಪುಟ್ಟೀರಮ್ಮನ ಉಸಿರಾಡುವ ಮಡಕೆ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಎಡಮೀಸೆ ಬೋಳಿಸಿಬಿಡಿ. ಬಲಮೀಸೆ ಹೋದ ಸಲದ ಕತೆಗೇ ಹೋಯಿತು.

ನೇರಳೆಪುರ ಅಂತ ಒಂದು ರಾಜ್ಯ. ಅದನ್ನಾಳುವವನು ದುಂಡುಭೂಪ. ವರ್ಷಕ್ಕೊಮ್ಮೆ ಹಣ್ಣಿನ ಕಾಲ ಮುಗಿದ ಮೇಲೆ, ಒಂದು ಶನಿವಾರ ಭಾನುವಾರ, ಅಲ್ಲಿ ಹುಳಿರಸದ ಹಬ್ಬ. ಹಣ್ಣು ಹಿಂಡಿ, ಮಡಕೆಗೆ ತುಂಬಿ, ಹುಳಿ ಬರಿಸಿ, ನೊರೆ ಏಳಿಸಿದ ರಸ ಅದು. ಗೇರುಹಣ್ಣಿನವರು ಬರುವರು, ಬೇಲದಹಣ್ಣಿನವರು ಬರುವರು, ಈಚಲಹಣ್ಣಿನವರು ಬರುವರು. ಒಂದು ಗುಟುಕಿಗೆ ಅಜ್ಜ ಕುಣಿದ. ಎರಡನೆಯದಕ್ಕೆ ಅಜ್ಜನ ಊರುಗೋಲು ಕುಣಿಯಿತು. ಮೂರನೆಯದಕ್ಕೆ ಅಜ್ಜ ಕೂತಿದ್ದ ಕಟ್ಟೆಯೇ ಕುಣಿಯಿತು.

ಯಾರ ರಸ ಗೆಲ್ಲುವುದೋ ಅವರಿಗೆ ಕೆರೆ ಏರಿಯ ಮೇಲಿನ ನೇರಳೆ ತೋಪು ಒಂದು ವರ್ಷದ ಮಟ್ಟಿಗೆ. ಹನ್ನೊಂದು ವರ್ಷದಿಂದ ಆ ತೋಪು ಪುಟ್ಟೀರಮ್ಮನದು. ಆಕೆಗೆ ಬೇರೆ ಹೊಲವಿಲ್ಲ, ಗದ್ದೆಯಿಲ್ಲ. ತೋಪು ಹೋದರೆ ಹಣ್ಣಿಲ್ಲ, ಹಣ್ಣು ಹೋದರೆ ಮಡಕೆ ಬೋರಲು.

ಪುಟ್ಟೀರಮ್ಮ ದಿನಕ್ಕೆ ಮೂರು ಸಲ ಮಡಕೆ ಕಲಕುವಳು. ಕಲಕುತ್ತ ಹಾಡುವಳು. ಹಾಡಿ ಮುಗಿಸಿ ಮಡಕೆಗೆ ಕಿವಿಯಿಟ್ಟು ಕೇಳುವಳು. ಮುಚ್ಚಳ ಮಾತ್ರ ಹಾಕಳು, ಬಾಯಿಗೆ ತೆಳುಬಟ್ಟೆಯೊಂದನ್ನು ಸಡಿಲವಾಗಿ ಹೊದಿಸುವಳು. ಯಾಕವ್ವ ಅಂದರೆ, ನಿನ್ನ ಮೂಗು ಬಾಯಿ ಮುಚ್ಚಿ ಕೂರಿಸಲೇನು ಅನ್ನುವಳು.

ಅದೇ ಊರಲ್ಲಿ ರಾಜನ ಉಗ್ರಾಣ ಕಾಯುವ ಸಂಕಪ್ಪ. ಅವನೂ ರಸ ಮಾಡುತ್ತಿದ್ದ. ಅದನ್ನು ಕುಡಿದ ಕಾಗೆ ಮೂರು ದಿನ ಕೋಳಿಯ ಹಾಗೆ ಕೂಗಿತ್ತು. ಆದರೂ ಅವನಿಗೆ ತೋಪು ಬೇಕು.

ಆ ವರ್ಷ ಶನಿವಾರ ಸಂಜೆ ಸಂಕಪ್ಪ ಹೊಸ ಕಟ್ಟಳೆ ತಂದ. ಮಡಕೆಗಳೆಲ್ಲ ಉಗ್ರಾಣದಲ್ಲೇ ಇರಲಿ, ಕಾವಲಿಗೆ ನಾನಿದ್ದೇನೆ ಅಂದ. ಬೆಳಗಾದಾಗ ಪುಟ್ಟೀರಮ್ಮನ ಜಾಗದಲ್ಲಿ ಕಾಗೆ ಕುಡಿದ ರಸ. ಸಂಕಪ್ಪನ ಜಾಗದಲ್ಲಿ ಆಕೆಯ ಮಡಕೆ! ಯಾರೂ ಬೆರಳದ್ದದಿರಲಿ ಅಂತ ಅವನು ಅದಕ್ಕೆ ಮುಚ್ಚಳವಿಟ್ಟು, ಸುತ್ತ ಜೇಡಿಮಣ್ಣು ಮೆತ್ತಿ, ಮೇಲೆ ಅರಗಿನ ಮುದ್ರೆಯನ್ನೂ ಒತ್ತಿದ್ದ.

ಪುಟ್ಟೀರಮ್ಮ ರಾಜನ ಹತ್ತಿರ ಹೋದಳು. ಅದು ನನ್ನ ಮಡಕೆ ಬುದ್ಧಿ ಅಂದಳು. ಸಂಕಪ್ಪ ಊರೆಲ್ಲ ಕೇಳುವಂತೆ ಮೂರು ಸಲ ಆಣೆಯಿಟ್ಟ. ಹಣ್ಣು ಕಿತ್ತವನೂ ನಾನೇ, ಹಿಂಡಿದವನೂ ನಾನೇ, ಸಾಕಿದವನೂ ನಾನೇ ಅಂದ. ರಾಜ ತಲೆ ಕೆರೆದುಕೊಂಡ. ಮಡಕೆಗೆ ಬಾಯಿದೆ, ಆದರೆ ಸಾಕ್ಷಿ ಹೇಳುವುದಿಲ್ಲವಲ್ಲ ಅಂದ.

"ಹೇಳುತ್ತೆ ಬುದ್ಧಿ," ಅಂದಳು ಪುಟ್ಟೀರಮ್ಮ. "ಹಬ್ಬದ ಮೂರು ಮೇಳ ನುಡಿಯಲಿ. ಅಲ್ಲಿಯವರೆಗೆ ಸಾಕಿದವನೇ ಬಿಸಿಲಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಿರಲಿ."

ಅಷ್ಟೇ ತಾನೇ ಅಂತ ಸಂಕಪ್ಪ ಮಡಕೆ ತಬ್ಬಿ ಕೂತ.

ವಾಲಗ ನುಡಿಯಿತು. ಮಡಕೆ ಒಳಗೊಳಗೇ ಗುಳುಗುಳು ಅಂದಿತು. ಮುಚ್ಚಳ ಸಡಿಲಿಸಪ್ಪ ಸಂಕಪ್ಪ ಅಂದಳು ಪುಟ್ಟೀರಮ್ಮ. ಅವನು ಕೇಳಲಿಲ್ಲ.

ತಮಟೆ ಬಡಿಯಿತು. ಮಡಕೆ ಬುಸುಬುಸು ಅಂದಿತು. ಸಡಿಲಿಸಪ್ಪ, ಪಾಪ, ಉಸಿರು ಕಟ್ಟಿದೆ ಅಂದಳು. ಅವನು ಇನ್ನೂ ಬಿಗಿಯಾಗಿ ತಬ್ಬಿಕೊಂಡ.

ಡೊಳ್ಳು ಗುಡುಗಿತು. ಜನ ಕುಣಿದರು, ನೆಲ ಅದುರಿತು, ಮಡಕೆಯೂ ನಡುಗಿತು. "ಸಂಕಪ್ಪ, ಕೊನೆಯ ಸಲ ಹೇಳ್ತಿದೀನಿ."

"ನನ್ನ ಮಡಕೆ, ನನ್ನಿಷ್ಟ. ನೀನ್ಯಾರೇ ಕೇಳೋಳು?"

ಢಬ್! ಮುಚ್ಚಳ ರಾಜನ ಪೇಟ ಎತ್ತಿಕೊಂಡು ಆಕಾಶಕ್ಕೆ ಹೋಯಿತು. ನೊರೆ ಸಂಕಪ್ಪನನ್ನು ಎತ್ತಿ ಡೊಳ್ಳಿನ ಮೇಲೆ ಕೂರಿಸಿತು. ನೆತ್ತಿಯಿಂದ ಉಂಗುಟದವರೆಗೆ ಅವನು ಮಾಗಿದ ನೇರಳೆ ಹಣ್ಣೇ ಆದ. ಮೂರನೇ ದಿನ ಮುಚ್ಚಳ ಕೆಳಗಿಳಿದಾಗ ಅದರೊಳಗೆ ಹದ್ದು ಮೂರು ಮೊಟ್ಟೆ ಇಟ್ಟಿತ್ತು.

ರಾಜ ತನ್ನ ಮೀಸೆಗೆ ಸಿಡಿದಿದ್ದ ರಸವನ್ನು ನೆಕ್ಕಿದ. ಎಡಗಡೆ ನೆಕ್ಕಿದ, ಬಲಗಡೆ ನೆಕ್ಕಿದ, ಆಮೇಲೆ ಮಂತ್ರಿಯ ಮೀಸೆಯ ಕಡೆಗೂ ಆಸೆಯಿಂದ ನೋಡಿದ.

"ಸಾಕಿದ್ದು ನೀನಾಗಿದ್ದರೆ, ಅದು ಉಸಿರಾಡುತ್ತೆ ಅಂತ ಗೊತ್ತಿರುತ್ತಿತ್ತಲ್ಲೋ," ಅಂದ. "ತೋಪು ಪುಟ್ಟೀರಮ್ಮನದು."

ಸಂಕಪ್ಪನಿಗೆ ಶಿಕ್ಷೆಯೇನು ಗೊತ್ತೇ? ಒಂದು ವರ್ಷ ಪುಟ್ಟೀರಮ್ಮನ ಮಡಕೆ ಕಲಕಬೇಕು, ಕಲಕುತ್ತ ಹಾಡಲೂಬೇಕು. ಅವನ ರಾಗಕ್ಕೆ ಊರ ಕತ್ತೆಗಳೆಲ್ಲ ನೆಂಟರು ಬಂದರು ಅಂತ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು.

ನೀತಿ ಇಷ್ಟೇ ಮಕ್ಕಳೇ: ಇನ್ನೊಬ್ಬರ ಮಡಕೆ ಕದಿಯಬಹುದು, ಅದನ್ನು ಸಾಕಿದ ಬುದ್ಧಿ ಕದಿಯೋಕಾಗಲ್ಲ. ಕದ್ದದ್ದನ್ನು ಎಷ್ಟು ಬಿಗಿಯಾಗಿ ಮುಚ್ಚಿದರೆ ಅಷ್ಟು ಜೋರಾಗಿ ಸಿಡಿಯುತ್ತೆ.

ಕತ್ತರಿ ಕೆಳಗಿಡಿ, ಒಪ್ಪಿಕೊಳ್ತೀನಿ. ಸಣ್ಣದೊಂದು ಸುಳ್ಳಿದೆ. ಹದ್ದು ಇಟ್ಟಿದ್ದು ಎರಡೇ ಮೊಟ್ಟೆ.