ಓಗೊಟ್ಟವ್ವನ ಗುಡ್ಡ

ನಮ್ಮ ಬಿಳಿಗೊಂಡನಹಳ್ಳಿಯ ಮೂಡಲಿಗೆ, ಸೀತಾಫಲದ ಪೊದೆಗಳ ನಡುವೆ ನಿಂತಿರುವ ಕಲ್ಲುಗುಡ್ಡವನ್ನು ಓಗೊಟ್ಟವ್ವನ ಗುಡ್ಡ ಎನ್ನುತ್ತಾರೆ. ಅರ್ಧ ಹತ್ತಿದರೆ ಒಂದು ಸೀಳುಬಂಡೆ, ಅದರ ಪಕ್ಕದಲ್ಲಿ ಮೊಣಕಾಲೆತ್ತರದ ನಿಲುವುಗಲ್ಲು. ಗುಡಿಯಿಲ್ಲ, ಪೂಜಾರಿಯಿಲ್ಲ. ಹೋದ ತಿಂಗಳು ಪೇಟೆಯಿಂದ ನಾಲ್ವರು ಹುಡುಗರು ಬಂದಿದ್ದರು. ದಾಳ ಉರುಳಿಸಿ, ಒಬ್ಬೊಬ್ಬರೂ ಒಬ್ಬೊಬ್ಬ ವೀರನಾಗಿ ರಾಕ್ಷಸರನ್ನು ಕೊಲ್ಲುವ ಆಟವಂತೆ. ಅದಕ್ಕೆ ನಮ್ಮ ಕಡೆಯ ಕೂಗುಮಾರಿಯನ್ನೂ ಸೇರಿಸಬೇಕಂತೆ. ಆ ಮಾರಿಗೆ ಹಲ್ಲೆಷ್ಟು, ಬಲವೆಷ್ಟು ಎಂದು ನನ್ನನ್ನು ಕೇಳಿದರು. ನನಗೆ ಸಿಟ್ಟು ಬಂತು, ಆದರೂ ಕೂತುಕೊಳ್ಳಿ ಎಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಇದಕ್ಕೆ ಕೂಗುಮಾರಿ ಗುಡ್ಡ ಎಂದೇ ಹೆಸರಿತ್ತು. ಕೂಗುಮಾರಿಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಅದು ನಮಗೆ ಬೇಕಾದವರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟವರು ರಕ್ತ ಕಾರಿ ಸಾಯುತ್ತಾರೆ ಎಂಬ ನಂಬಿಕೆ. ಆದರೆ ಎರಡು ಸಲಕ್ಕಿಂತ ಹೆಚ್ಚು ಕೂಗಲು ಅದಕ್ಕೆ ಬಾರದು. ಹಾಗಾಗಿ ಗುಡ್ಡದಿಂದ ಕರೆಯುವವರು ಮೂರು ಸಲ ಕರೆಯಬೇಕು, ಕೇಳಿದವರು ಮೂರನೆಯದಕ್ಕೇ ಓಗೊಡಬೇಕು. ಮಾತು ಬಂದ ಮಕ್ಕಳಿಗೆ ಊರಿನವರು ಮೊದಲು ಕಲಿಸುತ್ತಿದ್ದದ್ದು ಇದನ್ನೇ.

ಮಾಳವ್ವ ಎಂಬ ವಿಧವೆಗೆ ದ್ಯಾಮಿ ಒಬ್ಬಳೇ ಮಗಳು. ಒಂದು ಮಧ್ಯಾಹ್ನ ತಾಯಿ ಗುಡ್ಡದ ಬುಡದಲ್ಲಿ ಹುಲ್ಲು ಕೊಯ್ಯುತ್ತಿದ್ದಳು, ಮಗಳು ಸೀತಾಫಲಕ್ಕೆಂದು ಮೇಲೆ ಹೊರಟಳು. "ಕರೆದ್ರೆ ಮೂರು ಸಲ ಕರಿಯೇ," ಎಂದಳು ತಾಯಿ. "ಗೊತ್ತೈತೆ ಬಿಡವ್ವ, ಎಷ್ಟು ಸಲ ಹೇಳ್ತೀಯ," ಎಂದು ನಗುತ್ತಾ ಹೋದಳಂತೆ ಹುಡುಗಿ. ಸ್ವಲ್ಪ ಹೊತ್ತಿಗೆ ಮೇಲಿನಿಂದ "ಅವ್ವಾ" ಎಂದು ಕೇಳಿಸಿತು. ಮಾಳವ್ವನ ಕುಡುಗೋಲು ನಿಂತಿತು. ಇನ್ನೊಮ್ಮೆ "ಅವ್ವಾ" ಎಂದಿತು ದನಿ, ಮೊದಲಿಗಿಂತ ಸಣ್ಣಗೆ. ಅವಳು ಉಸಿರು ಹಿಡಿದು ಮೂರನೆಯದಕ್ಕೆ ಕಾದಳು. ಬರಲಿಲ್ಲ. ಸದ್ಯ, ಇದು ಕೂಗುಮಾರಿ, ನನ್ನ ಮಗಳಲ್ಲ ಎಂದುಕೊಂಡಳು. ಎದೆ ಹಗುರಾಗಿ ಮತ್ತೆ ಹುಲ್ಲಿಗೆ ಬಾಗಿದಳು. ಇದನ್ನೆಲ್ಲ ಆಮೇಲೆ ಅವಳೇ ಹೇಳಿಕೊಂಡು ಅತ್ತದ್ದು. ಹೊರೆ ಕಟ್ಟಿದರೂ ಮಗಳು ಬಾರದಾಗ ಹತ್ತಿ ನೋಡಿದಳು. ದ್ಯಾಮಿ ಕಾಲು ಜಾರಿ ಬಂಡೆಯ ಸೀಳಿನಲ್ಲಿ ಎದೆಮಟ್ಟ ಸಿಕ್ಕಿಕೊಂಡಿದ್ದಳು. ಮೂರನೆಯ ಸಲ ಕೂಗಲು ಉಸಿರು ಉಳಿದಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು.

ಮಾಳವ್ವ ಮತ್ತೆ ಮನೆಗೆ ಹೋಗಲಿಲ್ಲ. ಸೀಳುಬಂಡೆಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಳು. ಕುರಿಯವನು ಕುರಿಯನ್ನು ಕರೆದರೂ, ಯಾರೋ ಯಾರನ್ನೋ ಕೂಗಿದರೂ, ಮೊದಲ ಕೂಗಿಗೇ "ಓ, ಬಂದೆ ಕಣವ್ವಾ" ಎಂದು ಓಡುತ್ತಿದ್ದಳು. ಇಂದಲ್ಲ ನಾಳೆ ರಕ್ತ ಕಾರುತ್ತಾಳೆ ಎಂದು ಊರು ಕಾಯಿತು. ಅವಳಿಗೂ ಅದೇ ಬೇಕಿತ್ತು, ಪಾಪ. ಅದೇನೂ ಆಗಲಿಲ್ಲ, ಇನ್ನೂ ಇಪ್ಪತ್ತು ವರ್ಷ ಬದುಕಿದಳು ಎನ್ನುತ್ತಾರೆ. ಅವಳು ಸತ್ತ ಮೇಲೆ ಊರಿನವರು ಆ ಕಲ್ಲು ನಿಲ್ಲಿಸಿದರು, ಅವಳನ್ನು ಓಗೊಟ್ಟವ್ವ ಎಂದು ಕರೆದು ಗುಡ್ಡಕ್ಕೂ ಅದೇ ಹೆಸರಿಟ್ಟರು, ಮೂರು ಎಣಿಸುವುದನ್ನು ಬಿಟ್ಟರು.

ಈಗಲೂ ಹೋದವರಿಗೆ ಕಲ್ಲಿನ ಮುಂದೆ ಯಾರೋ ಇಟ್ಟ ಸೀತಾಫಲ ಕಾಣುತ್ತದೆ. ಆ ಹುಡುಗರೂ ನೋಡಲು ಹೋದರು, ನಾನೂ ಕೋಲೂರಿಕೊಂಡು ಹಿಂದೆ ಹೋದೆ. ಒಬ್ಬ ತಮಾಷೆಗೆ "ಅವ್ವಾ" ಎಂದು ಕೂಗಿಬಿಟ್ಟ, ಒಂದೇ ಸಲ. ಕೆಳಗೆ ಹುಲ್ಲು ಕೊಯ್ಯುತ್ತಿದ್ದ ನಮ್ಮೂರಿನ ಹೆಂಗಸೊಬ್ಬಳು "ಓ" ಎಂದವಳೇ ಕುಡುಗೋಲು ಬಿಸಾಕಿ ಏದುಸಿರು ಬಿಡುತ್ತಾ ಹತ್ತಿ ಬಂದಳು. ನಾಲ್ವರನ್ನೂ ನೋಡಿ, "ಎಲ್ರೂ ನೆಟ್ಟಗಿದ್ದೀರಲ್ಲ, ಅಷ್ಟು ಸಾಕು ಬಿಡ್ರಪ್ಪ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಇಳಿದು ಹೋದಳು. ಕೂಗುಮಾರಿಯ ಬಲವೆಷ್ಟು ಎಂದು ಹುಡುಗರು ಮತ್ತೆ ಕೇಳಲಿಲ್ಲ.